‘ಆರೈಕೆ’ ಪದದೊಳಗೆ ಸಂಶೋಧನೆಯೂ ಇದೆಯೇ?

ಗೆಳೆಯರೇ,

‘ನರ್ಸಿಂಗ್ ರೀಸರ್ಚ್’ ಅನ್ನೋದಕ್ಕೆ ಹಳ್ಳಿಯವರನ್ನು ಹೆದರಿಸದ ಕನ್ನಡ ಪದ ಹುಡುಕುತ್ತಿದ್ದೇನೆ, ನಿಮ್ಮ ಸಹಾಯ ಬೇಕು. ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ.

ನಾನು ಎಂ.ಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ, ಕಮ್ಯೂನಿಟಿ ಹೆಲ್ತ್ ವಿಭಾಗ. ಈ ಎರಡು ವರ್ಷದ ಕೋರ್ಸಿನಲ್ಲಿ ಪ್ರತಿಯೊಬ್ಬರೂ ಒಂದು ಸಂಶೋಧನೆ ಮಾಡಿ ಡಿಸರ್ಟೇಷನ್ ಬರೆಯಲೇಬೇಕು. ಸಕ್ಕರೆ ಕಾಯಿಲೆ ಇರುವವರು ತಮ್ಮ ಪಾದವನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದು ನನ್ನ ವಿಷಯ. ಓದೋದು, ಬರೆಯೋದು, ಗೈಡ್ ಜೊತೆ ಮಾತಾಡೋದು ಎಲ್ಲ ಇಂಗ್ಲಿಷಿನಲ್ಲೇ. ಆದರೆ ಪ್ರಶ್ನೆ ಕೇಳಬೇಕಾದದ್ದು ಮಂಡ್ಯ ಕಡೆಯ ಹಳ್ಳಿಯವರನ್ನು. ಅವರು ಸಹಿ ಹಾಕುವ ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ.

ಅದಕ್ಕೇ ಪತ್ರವನ್ನು ಕನ್ನಡಕ್ಕೆ ತಂದೆವು. ಅನುವಾದ ಸರಿಯಿದೆಯೇ ಎಂದು ನೋಡಲು ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿದರು. ಎರಡು ಇಂಗ್ಲಿಷ್ ಪತ್ರಗಳನ್ನೂ ತಾಳೆ ನೋಡಿದರೆ ಅಕ್ಷರಶಃ ಹೊಂದಿತು. ‘ನರ್ಸಿಂಗ್ ರೀಸರ್ಚ್’ ಹೋಗಿ ‘ಶುಶ್ರೂಷಾ ಸಂಶೋಧನೆ’ ಆಯಿತು, ವಾಪಸ್ ಬರುವಾಗ ‘ನರ್ಸಿಂಗ್ ರೀಸರ್ಚ್’ ಆಗಿಯೇ ಬಂತು. ಎಲ್ಲರಿಗೂ ಸಮಾಧಾನ.

ಪೈಲಟ್ ಸ್ಟಡಿಗೆ, ಅಂದರೆ ಮುಖ್ಯ ಅಧ್ಯಯನಕ್ಕೆ ಮುಂಚಿನ ಚಿಕ್ಕ ಪ್ರಯತ್ನಕ್ಕೆ ಹೋದಾಗ ಮೊದಲ ಮನೆಯಲ್ಲೇ ನಿಂತುಹೋಯಿತು. ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜಿ, ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿದ್ದರು. ನಾನು ಪತ್ರ ಓದಿದೆ. ‘ಸಂಶೋಧನೆ’ ಅಂದ ಕೂಡಲೇ ಕಾಲು ಒಳಗೆ ಎಳೆದುಕೊಂಡರು. “ನನ್ ಮ್ಯಾಲೆ ಏನಾರ ಪ್ರಯೋಗ ಮಾಡೀರಾ?” ಅಂದರು. ನಾನು ಗಾಬರಿಯಲ್ಲಿ, “ಇಲ್ಲ ಅಜ್ಜಿ, ನೀವು ನಮ್ಮ ಸ್ಯಾಂಪಲ್ ಅಷ್ಟೇ” ಅಂದುಬಿಟ್ಟೆ. “ಮೊನ್ನೆ ತಾನೆ ಆಸ್ಪತ್ರೇಲಿ ರಕ್ತ ಕೊಟ್ಟಿವ್ನಿ ಕಣವ್ವ” ಅಂದರು. ತಪ್ಪು ನನ್ನದೇ. ಅಧ್ಯಯನಕ್ಕೆ ಆಯ್ದ ಜನರನ್ನು ನಾವು ಇಡೀ ದಿನ ಕಾಲೇಜಿನಲ್ಲಿ ಸ್ಯಾಂಪಲ್ ಸ್ಯಾಂಪಲ್ ಅನ್ನುತ್ತಿರುತ್ತೇವೆ. ಆಸ್ಪತ್ರೆ ಕಂಡವರಿಗೆ ಅದು ರಕ್ತ, ಮೂತ್ರ ಅಷ್ಟೇ ಅಲ್ವಾ?

ಪತ್ರ ಮಡಚಿ ಪಕ್ಕಕ್ಕಿಟ್ಟು, ಸುಮ್ನೆ ಕಾಲಿನ ಬಗ್ಗೆ ಕೇಳುತ್ತಾ ಹೋದೆ. ಬರಿಗಾಲಲ್ಲಿ ಗದ್ದೆಗೆ ಇಳೀತೀರಾ, ಬಿಸಿನೀರು ಕಾಲಿಗೆ ತಾಗಿದ್ದು ಗೊತ್ತಾಗುತ್ತಾ, ರಾತ್ರಿ ಉರಿ ಇದೆಯಾ. ಬಟ್ಟೆ ಬಿಚ್ಚಿ ಹುಣ್ಣು ನೋಡಿದೆ. ನಾಳೆಯೇ ಆಸ್ಪತ್ರೆಗೆ ತೋರಿಸಬೇಕು ಎಂದು ಮಗನಿಗೂ ಹೇಳಿದೆ. ಏಳುವಾಗ ಅಜ್ಜಿ, “ಚೆಂದಾಗಿ ವಿಚಾರಿಸ್ಕಂಡೆ ಕಣವ್ವ” ಅಂದರು.

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿದೆ. ವಿಚಾರಿಸು ಅಂದರೆ ಕೇಳಿ ತಿಳಿದುಕೊಳ್ಳೋದು. ವಿಚಾರಿಸಿಕೊಳ್ಳೋದು ಅಂದರೆ ಚೆನ್ನಾಗಿ ನೋಡಿಕೊಳ್ಳೋದು ಕೂಡ. ಮನೆಗೆ ಬಂದ ನೆಂಟರನ್ನೂ ವಿಚಾರಿಸಿಕೊಳ್ಳುತ್ತೇವೆ. ನನ್ನ ಕೋರ್ಸಿನ ಎರಡೂ ಕೆಲಸ, ಸಂಶೋಧನೆ ಮತ್ತು ಆರೈಕೆ, ಅಜ್ಜಿಯ ಒಂದೇ ಪದದಲ್ಲಿತ್ತು.

ಇದನ್ನು ಹಾಸ್ಟೆಲಿನಲ್ಲಿ ಹೇಳುತ್ತಿದ್ದೆ. ಆರೈಕೆ ಅನ್ನೋ ಪದವೂ ಮಾತಿಗೆ ಬಂತು. ನನ್ನ ರೂಮಿನ ಕೋಟ್ಟಯಂ ಹುಡುಗಿ ಥಟ್ಟನೆ, “ನಮ್ಮಲ್ಲಿ ಆರಾಯುಗ ಅಂದರೆ ಕೇಳಿ ತಿಳ್ಕೊಳ್ಳೋದು” ಅಂದಳು. ಯಾರದಾದರೂ ಅಭಿಪ್ರಾಯ ಕೇಳುವುದಕ್ಕೆ ಮಲಯಾಳಂನಲ್ಲಿ ಹಾಗನ್ನುತ್ತಾರಂತೆ. ತಮಿಳಿನಲ್ಲಂತೂ ಆರಾಯ್ಚಿ ಅಂದರೆ ನೇರವಾಗಿ ಸಂಶೋಧನೆಯೇ. ನಿಘಂಟು ತೆರೆದೆ. ನಮ್ಮ ಹಳಗನ್ನಡದ ‘ಆರಯ್’ಗೂ ಹುಡುಕು, ವಿಚಾರ ಮಾಡು ಎಂಬ ಅರ್ಥವಿದೆ, ನೋಡಿಕೊಳ್ಳು, ಸಲಹು ಎಂಬ ಅರ್ಥವೂ ಇದೆ. ಅಂದರೆ ಒಂದೇ ಬೇರು. ತಮಿಳರು ಹುಡುಕಾಟದ ಕಡೆ ಇಟ್ಟುಕೊಂಡರು. ನಾವು ಬಾಣಂತಿ, ಮಗು, ರೋಗಿಯ ಕಡೆ ಇಟ್ಟುಕೊಂಡೆವು. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ.

ಶುಶ್ರೂಷೆ ಅನ್ನೋ ಪದವನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಅದರ ಧಾತು ‘ಶ್ರು’, ಅಂದರೆ ಕೇಳು. ಕೇಳಬೇಕೆಂಬ ಆಸೆ ಅನ್ನೋದು ಮೊದಲ ಅರ್ಥ, ಸೇವೆ ಆಮೇಲೆ ಬಂದದ್ದು. ಒಳ್ಳೆಯ ಪದ. ಆದರೆ ಬೋರ್ಡಿನ ಮೇಲೆ, ಶುಶ್ರೂಷಾಧಿಕಾರಿ ಅನ್ನೋ ಹುದ್ದೆಯಲ್ಲಿ ಬಿಟ್ಟರೆ ವಾರ್ಡಿನಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಬರೆಯುವಾಗಲೂ ‘ಸುಶ್ರೂಷೆ’, ‘ಶುಶೃಷೆ’ ಎಂದು ತಪ್ಪುವವರೇ ಜಾಸ್ತಿ. ದಾದಿ ಅನ್ನೋ ಪದ ಚಿಕ್ಕದು, ಚೊಕ್ಕದು. ಆದರೆ ನಮ್ಮ ಜೊತೆ ಓದುವ ಗಂಡುಹುಡುಗರಿಗೆ ಅದು ಹೊಂದುವುದಿಲ್ಲ.

ನನ್ನ ತೊಡಕು ಇಲ್ಲಿದೆ. ‘ವಿಚಾರಿಸು’ ಅನ್ನೋ ಕ್ರಿಯಾಪದ ಬೆಚ್ಚಗಿದೆ, ಆದರೆ ‘ವಿಚಾರಣೆ’ ಅಂತ ಮಾಡಿದ ಕೂಡಲೇ ಪೊಲೀಸ್ ಠಾಣೆ, ಕೋರ್ಟು ಕಣ್ಮುಂದೆ ಬರುತ್ತದೆ. ‘ಆರೈಕೆ’ ಒಂದೇ ಇಟ್ಟರೆ ಇವತ್ತಿನವರಿಗೆ ಅದರೊಳಗಿನ ಹುಡುಕಾಟ ಕೇಳಿಸುವುದಿಲ್ಲ. ‘ಆರೈಕೆಯ ಅಧ್ಯಯನ’ ಅಂದರೆ ಅರ್ಥವಾಗುತ್ತದೆ, ಹೆದರಿಸುವುದಿಲ್ಲ, ಆದರೆ ಅಧ್ಯಯನ ಸ್ವಲ್ಪ ಪುಸ್ತಕದ ಮಾತು. ಡಿಸರ್ಟೇಷನ್‌ಗೆ ‘ಪ್ರಬಂಧ’ ಅಂದರೂ ಕಷ್ಟ. ನಾನು ‘ಪ್ರಬಂಧ ಬರೀತಿದ್ದೀನಿ’ ಅಂದಾಗ ನಮ್ಮಮ್ಮ, “ಸ್ಪರ್ಧೆ ಯಾವಾಗ?” ಅಂತ ಕೇಳಿದರು. ಅದನ್ನು ಡಿಸರ್ಟೇಷನ್ ಎಂದೇ ಬಿಡುತ್ತೇನೆ.

ಸದ್ಯಕ್ಕೆ ಪತ್ರದ ಮೊದಲ ಸಾಲುಗಳನ್ನು ಹೀಗೆ ತಿದ್ದಿದ್ದೇನೆ: “ನಾನು ನರ್ಸಿಂಗ್ ಓದುತ್ತಿದ್ದೇನೆ. ಸಕ್ಕರೆ ಕಾಯಿಲೆ ಇರುವವರು ಪಾದದ ಆರೈಕೆ ಹೇಗೆ ಮಾಡಿಕೊಳ್ಳುತ್ತಾರೆ ಎಂದು ಮನೆಮನೆಗೆ ಬಂದು ವಿಚಾರಿಸುತ್ತಿದ್ದೇನೆ. ರಕ್ತ ತೆಗೆಯುವುದಿಲ್ಲ, ಔಷಧಿ ಕೊಡುವುದಿಲ್ಲ. ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದರೂ ಬೇಡ ಅನ್ನಬಹುದು.” ‘ಸ್ಯಾಂಪಲ್’ ತೆಗೆದು ‘ಭಾಗವಹಿಸುವವರು’ ಎಂದು ಮಾಡಿದ್ದೇನೆ.

ನಿಮ್ಮಲ್ಲಿ ಕೇಳಬೇಕಾದದ್ದು ಎರಡು. ಹಳಗನ್ನಡ ಬಲ್ಲವರು ‘ಆರಯ್’ ಪದ ಹುಡುಕು ಎಂಬ ಅರ್ಥದಲ್ಲಿ ಬರುವ ಸಾಲುಗಳಿದ್ದರೆ ದಯವಿಟ್ಟು ತಿಳಿಸಿ. ಮತ್ತೆ, ಕಾಯಿಲೆಯವರನ್ನು ನೋಡಿಕೊಳ್ಳುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಕರಾವಳಿಯ ಗೆಳತಿಯೊಬ್ಬಳು ‘ಚಾಕರಿ’ ಅನ್ನುತ್ತಾಳೆ, ಧಾರವಾಡದವಳು ‘ಜ್ವಾಪಾನ’ ಅನ್ನುತ್ತಾಳೆ. ಊರಿನ ಹೆಸರಿನ ಜೊತೆ ಬರೆಯಿರಿ. ತಿದ್ದಿದ ಪತ್ರವನ್ನು ಎಥಿಕ್ಸ್ ಕಮಿಟಿಗೆ (ಸಂಶೋಧನೆ ನೈತಿಕವಾಗಿ ಸರಿಯಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವ ಸಮಿತಿ) ಮತ್ತೆ ಕೊಡಬೇಕು, ಇನ್ನು ಹತ್ತು ದಿನ ಇದೆ.