ರನ್ನಿಂಗ್ ಬೋರ್ಡಿನೊಳಗೆ ಸಿಕ್ಕಿದ ಚಿನ್ನದ ದರ: ಹಳೆ ಪುಟ್ಟಿಯ ಅಡಿಯ ತುಕ್ಕಿಗೆ ಎಂತ ಮಾಡುವುದು?

ಪ್ರಶ್ನೆ (ಕಾಸರಗೋಡಿನ ನೀರ್ಚಾಲಿನಿಂದ):

ಅಣ್ಣ, ನಮಸ್ಕಾರ. ನನ್ನದು 2013ರ ಡೀಸೆಲ್ ಕಾರು. 2021ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕೊಟ್ಟವರು "ಒಂದು ಗೀರೂ ಇಲ್ಲ" ಅಂದಿದ್ದರು. ಹೋದ ಮಳೆಗಾಲದಲ್ಲಿ ಎಡಬದಿಯ ಹಿಂದಿನ ಬಾಗಿಲಿನ ಕೆಳಗೆ, ರನ್ನಿಂಗ್ ಬೋರ್ಡಿನಲ್ಲಿ (ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೆ ಇರುವ, ಒಳಗೆ ಪೊಳ್ಳಾದ ತಗಡಿನ ಪಟ್ಟಿ) ಪೈಂಟ್ ಉಬ್ಬಿತು. ಹಲಸಿನ ಹಪ್ಪಳದ ಗುಳ್ಳೆಯ ಹಾಗೆ. ಮೊನ್ನೆ ತೊಳೆಯುವಾಗ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಒಂದು ಚೂರು ಮುರಿದು ಕೈಗೇ ಬಂತು. ಮೇಲೆ ಪೈಂಟ್, ಅದರಡಿ ಬೆರಳು ದಪ್ಪದ ಬೂದು ಪುಟ್ಟಿ (ತಗ್ಗು ತುಂಬಿಸಲಿಕ್ಕೆ ಮೆತ್ತುವ ವಸ್ತು), ಅದರ ಹಿಂದೆ ಮಡಚಿ ತುರುಕಿದ ಮಲಯಾಳಂ ಪೇಪರ್! ಚಿನ್ನದ ದರ ಓದಲಿಕ್ಕೆ ಆಗುತ್ತಿತ್ತು, ಪವನಿಗೆ (ಎಂಟು ಗ್ರಾಮಿಗೆ) 23 ಸಾವಿರ ಚಿಲ್ಲರೆ. ಅಂದರೆ 2016ರಿಂದ 18ರ ನಡುವಿನ ಕೆಲಸ ಇರಬೇಕು.

ಬಲಬದಿ ಚಂದ ಉಂಟು. ಇಲ್ಲಿ ಮಾತ್ರ ಯಾಕೆ? ಒಬ್ಬರು "ತುರುಂಬು (ತುಕ್ಕು) ಉಜ್ಜಿ ಪುಟ್ಟಿ ಹಾಕಿ ಪೈಂಟ್ ಹೊಡೆದರೆ ಮುಗಿಯಿತು, ಎರಡು ದಿನ ಸಾಕು" ಅಂದರು. ಇನ್ನೊಬ್ಬರು ಕತ್ತರಿಸಿ ಹೊಸ ತಗಡು ಹಾಕಬೇಕು ಅಂತಾರೆ. ರೇಟಿನಲ್ಲಿ ಐದು ಪಟ್ಟು ವ್ಯತ್ಯಾಸ. ಯಾರ ಮಾತು ಕೇಳಲಿ?

ಉತ್ತರ (ಕುಂಬಳೆ ಬದಿಯಲ್ಲಿ ಬಾಡಿ ಕೆಲಸ ಮಾಡುವವರು):

ಎರಡನೆಯವರ ಮಾತು ಕೇಳಿ ಮಾರಾಯ್ರೆ. ಮೊದಲನೆಯವರು ಹೇಳಿದ್ದು ಅಂದು ಆದ ಕೆಲಸವನ್ನೇ. ಬೇಕಾದರೆ ಇವತ್ತಿನ ಪೇಪರ್ ತುರುಕಿಯಾರು, ಚಿನ್ನದ ದರ ಮಾತ್ರ ಬೇರೆ.

ಬಲಬದಿ ಯಾಕೆ ಚಂದ ಉಂಟು ಅಂದರೆ, ಅದಕ್ಕೆ ಯಾರೂ ಕೈ ಹಾಕಿಲ್ಲ. ಕಂಪನಿಯಲ್ಲಿ ಇಡೀ ಬಾಡಿಯನ್ನು ಪ್ರೈಮರ್ (ಪೈಂಟಿಗೆ ಮೊದಲು ತಗಡಿಗೆ ಕೊಡುವ ಅಡಿ ಲೇಪ) ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಕೊಟ್ಟು ಹಿಡಿಸಿ, ಒಲೆಯಲ್ಲಿ ಬೇಯಿಸುತ್ತಾರೆ. ಹಾಗಾಗಿ ರನ್ನಿಂಗ್ ಬೋರ್ಡಿನ ಒಳಮೈಗೂ ಪ್ರೈಮರ್ ಹೋಗಿ ಕೂರುತ್ತದೆ. ನಿಮ್ಮ ಎಡಬದಿಗೆ ಒಮ್ಮೆ ಗಟ್ಟಿ ಏಟು ಬಿದ್ದಿದೆ. ತಗ್ಗು ಎಳೆಯಲಿಕ್ಕೆ ತೂತು ಕೊರೆದಿದ್ದಾರೆ, ಇಲ್ಲವೇ ಹರಿದ ತಗಡನ್ನು ಹಾಗೇ ಬಿಟ್ಟಿದ್ದಾರೆ. ಗ್ರೈಂಡರ್ ಹಿಡಿದಲ್ಲಿ ಆ ಪ್ರೈಮರ್ ಹೋಯಿತು. ಬರೀ ತಗಡಿನ ಮೇಲೆ ನೇರ ಪುಟ್ಟಿ ಮೆತ್ತಿದ್ದಾರೆ.

ಪುಟ್ಟಿಯ ಗುಣ ಗೊತ್ತಿರಬೇಕು. ಅದರಲ್ಲಿ ಜಾಸ್ತಿ ಇರುವುದು ಟಾಲ್ಕ್, ಅಂದರೆ ಪೌಡರ್ ಡಬ್ಬಿಯ ವಸ್ತುವೇ. ಪುಟ್ಟಿ ನೀರು ಹೀರುತ್ತದೆ. ಹಾಕಿ ಒಣಗಿದ ಮೇಲೆ ನಮ್ಮ ಕಡೆ ಹೆಚ್ಚಿನವರು ನೀರು ಬಿಟ್ಟು ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜುತ್ತಾರೆ, ಧೂಳು ಬರುವುದಿಲ್ಲ ಅಂತ. ಆ ನೀರನ್ನು ಪುಟ್ಟಿ ಕುಡಿಯುತ್ತದೆ. ಸಂಜೆಗೆ ಅದರ ಮೇಲೆಯೇ ಪೈಂಟ್. ತೇವ ಒಳಗೆ ಬಂದಿ. ತುಕ್ಕಾದ ಕಬ್ಬಿಣಕ್ಕೆ ಮೊದಲಿನದಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಪುಟ್ಟಿಯನ್ನು ಒಳಗಿನಿಂದ ದೂಡುತ್ತದೆ. ನಿಮಗೆ ಕಂಡ ಗುಳ್ಳೆ ಅದೇ. ಅದು ಕಾಣುವಾಗ ಒಳಗಿನ ಕತೆ ಮುಗಿಯುತ್ತಾ ಬಂದಿರುತ್ತದೆ. ನಿಮ್ಮ ಕಾರಿನಲ್ಲಿ ಒದ್ದೆ ಪೇಪರ್ ಬೇರೆ. ತಗಡಿಗೆ ವರ್ಷವಿಡೀ ಒದ್ದೆ ಬಟ್ಟೆ ಕಟ್ಟಿದ ಹಾಗೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಅದು ಒಣಗುವುದು ಯಾವಾಗ?

ಈಗ ಮಾಡಬೇಕಾದದ್ದು. ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಜಾಗದ ಸುತ್ತ ಕುಟ್ಟುತ್ತಾ ಹೋಗಿ. ಠಣ್ ಅಂದರೆ ತಗಡು, ಡಬ್ ಅಂದರೆ ಪುಟ್ಟಿ. ಎಲ್ಲಿ ಚುಚ್ಚಿದರೆ ಒಳಗೆ ಹೋಗುವುದಿಲ್ಲವೋ ಅಲ್ಲಿಯವರೆಗೆ ಕತ್ತರಿಸಬೇಕು, ಗುಳ್ಳೆ ಇದ್ದಷ್ಟು ಮಾತ್ರ ಅಲ್ಲ. ಪುಟ್ಟಿ ಪೂರ್ತಿ ತೆಗೆಯದೆ ರೇಟ್ ಹೇಳುವವರನ್ನು ನಂಬಬೇಡಿ. ನಾನೂ ತೆಗೆದು ನೋಡದೆ ಹೇಳುವುದಿಲ್ಲ.

ಹೊಸ ತುಂಡಿಗೆ ಹಳೆಯದರಷ್ಟೇ ದಪ್ಪದ ತಗಡು ಬೇಕು. ಗ್ಯಾಸ್ ವೆಲ್ಡಿಂಗ್ ಬೇಡ, ತಗಡು ಬೆಂದು ಸೊಟ್ಟಗಾಗುತ್ತದೆ. ಮಿಗ್ ವೆಲ್ಡಿಂಗಿನಲ್ಲಿ (ಕರೆಂಟಿನಿಂದ ತಂತಿ ಕರಗಿಸಿ ಮಾಡುವುದು) ಚುಕ್ಕೆ ಚುಕ್ಕೆಯಾಗಿ ಹಿಡಿಸಲಿ. ಬ್ಯಾಟರಿ ತಂತಿ ಬಿಚ್ಚಿಸಿ, ಒಳಗಿನ ಸೀಟ್, ಕಾರ್ಪೆಟ್ ತೆಗೆಸಿ, ಡೀಸೆಲ್ ಪೈಪ್ ಎಲ್ಲಿ ಹೋಗುತ್ತದೆ ಅಂತ ಮೊದಲೇ ನೋಡಿಸಿ. ವೆಲ್ಡಿಂಗ್ ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ನಾಳೆ ಅಂದರೆ ನಮ್ಮ ಹವೆಗೆ ಬೆಳಗ್ಗೆಯೇ ಕೆಂಪು ಕಾಣುತ್ತದೆ. ಪುಟ್ಟಿ ಅದರ ಮೇಲೆ, ತೆಳ್ಳಗೆ, ಎರಡು ಮೂರು ಮಿಲಿಮೀಟರ್ ಒಳಗೆ, ಉಜ್ಜುವುದು ಒಣಗಿಸಿಯೇ. ಕೊನೆಗೆ ಎಲ್ಲರೂ ಮರೆಯುವ ಕೆಲಸ ಒಂದುಂಟು: ವೆಲ್ಡಿಂಗ್ ಮಾಡಿದ ಜಾಗದ ಹಿಂಬದಿ. ಹೊರಗೆ ಎಷ್ಟು ಮಿಂಚಿದರೂ ಒಳಬದಿಯಲ್ಲಿ ಪ್ರೈಮರ್ ಸುಟ್ಟುಹೋಗಿರುತ್ತದೆ. ತೂತಿನಿಂದ ಉದ್ದ ನಳಿಗೆ ತೂರಿಸಿ ಕ್ಯಾವಿಟಿ ವ್ಯಾಕ್ಸ್ (ಪೊಳ್ಳಿನ ಒಳಮೈಗೆ ಹಿಡಿಸುವ ಮೇಣ) ಸ್ಪ್ರೇ ಮಾಡಿಸಿ. ಇದನ್ನು ಕೇಳಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ಮತ್ತೆ, ಇದು ಬರೀ ಚಂದದ ಪ್ರಶ್ನೆ ಅಲ್ಲ. ಈಗಿನ ಹೆಚ್ಚಿನ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಇಲ್ಲ. ಗಾಡಿಯ ಬಲ ಇರುವುದರಲ್ಲಿ ರನ್ನಿಂಗ್ ಬೋರ್ಡೂ ಒಂದು. ಆ ಬದಿಗೆ ಸದ್ಯ ಜ್ಯಾಕ್ ಕೊಡಬೇಡಿ.

ಮುಳ್ಳೇರಿಯದ ಸದಸ್ಯರು: ಅಣ್ಣ, ತುಕ್ಕು ನಿಲ್ಲಿಸುವ ಕನ್ವರ್ಟರ್ ಅಂತ ಬಾಟಲಿ ಸಿಗುತ್ತದಲ್ವಾ? ಅದನ್ನು ಹಚ್ಚಿದರೆ ಸಾಲದಾ? ನಾನಂತೂ ಪ್ರತಿ ವರ್ಷ ಅಡಿಗೆ ಹಳೆ ಎಂಜಿನ್ ಆಯಿಲ್ ಹೊಡೆಸುತ್ತೇನೆ.

ಉತ್ತರ: ಮೇಲ್ಮೈ ತುಕ್ಕಿಗೆ ಆ ಬಾಟಲಿ ಸಾಕು. ತೂತು ಬಿದ್ದ ತಗಡಿಗೆ ಹಚ್ಚಿದರೆ ತೂತಿಗೆ ಬಣ್ಣ ಬಳಿದ ಹಾಗೆ. ಹಳೆ ಆಯಿಲ್ ಬೇಡ. ರಬ್ಬರ್ ಬುಷ್ ಹಾಳಾಗುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ಅಂಗಳವೂ ಗಲೀಜು.

ನೀವು ಅಡಿಕೆ ಕೃಷಿಕರಾದರೆ ಇನ್ನೊಂದು ಕೇಳುತ್ತೇನೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಡಿಕ್ಕಿಯಲ್ಲಿ ತರುತ್ತೀರಾ? ಮೈಲುತುತ್ತು, ಸುಣ್ಣ ಕಲಸಿ ಅಡಿಕೆಗೆ ಹೊಡೆಯುವ ಬೋರ್ಡೋ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೀರಲ್ಲ, ಸುಣ್ಣ ಸಾಲದಿದ್ದರೆ ಅಲಗಿಗೆ ತಾಮ್ರ ಹಿಡಿದು ಕೆಂಪಾಗುತ್ತದೆ. ಚೀಲದಿಂದ ಉದುರಿದ ಪುಡಿಗೆ ಮಳೆನೀರು ತಾಗಿದರೆ ಡಿಕ್ಕಿಯ ತಗಡಿಗೂ ಅದೇ ಆಗುತ್ತದೆ. ಸ್ಟೆಪ್ನಿ ಕೂರುವ ಗುಂಡಿ ಹಾಗೆ ಹೋದ ಗಾಡಿ ವರ್ಷಕ್ಕೆ ಎರಡು ಮೂರಾದರೂ ನನ್ನಲ್ಲಿಗೆ ಬರುತ್ತವೆ. ಬಕೆಟಿನಲ್ಲಿಟ್ಟು ತನ್ನಿ.

ಮಂಜೇಶ್ವರದ ಸದಸ್ಯರು: ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರಿಗೆ ಸುಲಭ ಉಪಾಯ ಉಂಟಾ?

ಉತ್ತರ: ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಓಡಿಸಿ. ಹಿಡಿಯದೆ ಜಾರಿದಲ್ಲಿ ದಪ್ಪ ಪುಟ್ಟಿ. ಪ್ಲಾಸ್ಟಿಕ್ ಬಂಪರಿಗೆ ಇಟ್ಟು ಹೆದರಬೇಡಿ, ಒಬ್ಬರು ಹಾಗೆ ಫೋನ್ ಮಾಡಿದ್ದರು. ಪೈಂಟ್ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಂಪನಿ ಪೈಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ನೋಡಿ. ಕಂಪನಿಯ ವೆಲ್ಡಿಂಗ್ ಗುಂಡಗೆ, ಸಾಲಾಗಿ ಇರುತ್ತದೆ. ಅದು ಕಾಣದೆ ನುಣ್ಣಗಿದ್ದರೆ ಯಾರೋ ಮುಚ್ಚಿದ್ದಾರೆ.

ನೀರ್ಚಾಲಿನವರು: ತುಂಬಾ ಉಪಕಾರ ಅಣ್ಣ. ಕೆಲಸ ಈಗಲೇ ಮಾಡಿಸಲಾ, ಮಳೆ ನಿಲ್ಲಲಾ?

ಉತ್ತರ: ದೀಪಾವಳಿ ಕಳೆಯಲಿ. ಈ ತೇವದಲ್ಲಿ ಶೆಡ್ಡಿನೊಳಗೆ ಪೈಂಟ್ ಹೊಡೆದರೂ ನನಗೆ ಸಮಾಧಾನ ಇಲ್ಲ. ಅಲ್ಲಿಯವರೆಗೆ ಪೇಪರ್ ಎಲ್ಲ ಎಳೆದು ತೆಗೆಯಿರಿ, ತೂತು ಮುಚ್ಚಬೇಡಿ, ಗಾಳಿಯಾಡಲಿ. ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಪುಟ್ಟಿ ಹಾಕಿದವರು ಅದನ್ನೂ ಮುಚ್ಚಿರುತ್ತಾರೆ. ಹಿಡಿಸೂಡಿ ಕಡ್ಡಿ ಹಾಕಿ ನೋಡಿ. ಕಾರು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ.

ನೀರ್ಚಾಲಿನವರು (ಮರುದಿನ): ಅಣ್ಣ, ಕಡ್ಡಿಗೆ ಬಗ್ಗಲಿಲ್ಲ, ಮೊಳೆ ಹಾಕಿ ಬಿಡಿಸಿದೆ. ಅರ್ಧ ಲೋಟದಷ್ಟು ಕೆಂಪು ನೀರು ಇಳಿಯಿತು. ಮೂರು ದಿನದಿಂದ ಇಲ್ಲಿ ಮಳೆಯೇ ಇಲ್ಲ.