ಬಾಡಿಗೆ ಬಾಕಿ ಇದ್ದರೆ ಮನೆ ಖಾಲಿ ಮಾಡಿಸುವುದು ಹೇಗೆ? ವಕೀಲರಿಗೆ ಕೇಳಿ (ದಾವಣಗೆರೆ ಮನೆ ಮಾಲೀಕರ ಗುಂಪು)

ವಿದ್ಯಾನಗರದ ಸದಸ್ಯ: ಮೇಡಂ, ಬಾಡಿಗೆಯವರು 4 ತಿಂಗಳಿಂದ ದುಡ್ಡು ಕೊಟ್ಟಿಲ್ಲ. ಊರಿಗೆ ಹೋದಾಗ ನಮ್ಮ ಬೀಗ ಹಾಕಬಹುದಾ?

ವಕೀಲರು: ಬೇಡ. ಬಾಕಿ ಇದ್ದರೂ ಸ್ವಾಧೀನ ಅವರದು. ಬೀಗ ಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆ 6ನೇ ಕಲಂ ಅಡಿ 6 ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರುತ್ತಾರೆ. ಆ ದಾವೆಯಲ್ಲಿ ಮಾಲೀಕರು ಯಾರು ಅಂತ ಕೋರ್ಟು ನೋಡುವುದೇ ಇಲ್ಲ. ಮೊದಲು 15 ದಿನದ ನೋಟಿಸ್, ಆಮೇಲೆ ದಾವೆ.

ಮಂಡಿಪೇಟೆಯ ಸದಸ್ಯ: ಅಂಗಡಿ ಮಳಿಗೆಗೂ ಇದೇನಾ? ಕರಾರು ಪತ್ರ ಇಲ್ಲ.

ನಿಟುವಳ್ಳಿಯ ಸದಸ್ಯೆ: ಮೇಡಂ, ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ಮೇಲಿನ ಮನೆ ಬಾಡಿಗೆ 6,500. 9 ತಿಂಗಳಿಂದ ಕೊಟ್ಟಿಲ್ಲ. ಕೇಳಿದರೆ, 'ಖಾತೆ ನಿಮ್ಮ ಹೆಸರಲ್ಲಿಲ್ಲ, ನಿಮ್ಮ ಮೈದುನನಿಗೆ ಕೊಡ್ತಿದ್ದೀನಿ' ಅಂತಾರೆ.

ವಕೀಲರು: ಅಕ್ಕಾ, ಮನೆ ಯಜಮಾನರೇ ಕೊಂಡಿದ್ದಾ, ಪಿತ್ರಾರ್ಜಿತನಾ? ನಿಮ್ಮ ಅತ್ತೆ ಇದ್ದಾರಾ?

ನಿಟುವಳ್ಳಿಯ ಸದಸ್ಯೆ: ಅವರೇ ಕೊಂಡಿದ್ದು. ವಿಲ್ ಬರೆದಿಲ್ಲ. ಅತ್ತೆ ಮೈದುನನ ಮನೆಯಲ್ಲಿದ್ದಾರೆ. ನನಗೆ ಇಬ್ಬರು ಮಕ್ಕಳು.

ವಕೀಲರು: ಹಾಗಾದರೆ ಸರಿಯಾಗಿ ಕೇಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನೀವು, ಇಬ್ಬರು ಮಕ್ಕಳು, ಅತ್ತೆ ನಾಲ್ಕೂ ಜನ ಸಮಪಾಲಿನ ವಾರಸುದಾರರು. ಮೈದುನ ವಾರಸುದಾರ ಅಲ್ಲ. ಅತ್ತೆಯ ಹೆಸರು ಹೇಳಿಕೊಂಡು ಅವರು ಬಾಡಿಗೆ ಎತ್ತುತ್ತಿದ್ದರೆ ಅದನ್ನು ಈಗಲೇ ನಿಲ್ಲಿಸಬೇಕು. ನನಗೆ ಚಿಂತೆ ಇರುವುದು ಅಲ್ಲೇ.
ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಪಾಲಿಕೆಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಖಾತೆ ಆಗುವ ತನಕ ಕಾಯಬೇಡಿ. ಯಜಮಾನರಿಗೆ ಬಾಡಿಗೆ ಕೊಟ್ಟವನು ಅವರು ಮಾಲೀಕರೇ ಅಲ್ಲ ಅನ್ನುವಂತಿಲ್ಲ. ಬಾಡಿಗೆ ಜಮಾ ಆದ ಅವರ ಬ್ಯಾಂಕ್ ಪಾಸ್‌ಬುಕ್ ಜೋಪಾನ.
1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ದಾಟಿದ ಮನೆಗೆ ರಾಜ್ಯದಲ್ಲಿ ಎಲ್ಲೂ ಅನ್ವಯಿಸಲ್ಲ. ನಿಮ್ಮದಕ್ಕೆ ಆಸ್ತಿ ವರ್ಗಾವಣೆ ಕಾಯ್ದೆ 106ನೇ ಕಲಂ ನೋಟಿಸ್ ಸಾಕು. ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನೋಟಿಸ್ ಅವಧಿ ಮುಗಿದ ಮೇಲೆ ದುಡ್ಡು ಕೊಟ್ಟರೆ ಸುಮ್ನೆ ಇಸ್ಕೋಬೇಡಿ. 'ಹಳೆ ಬಾಕಿಗೆ ಜಮಾ' ಅಂತ ಬರೆದು ಕೊಡಿ. ಇಲ್ಲದಿದ್ದರೆ ನೋಟಿಸನ್ನೇ ಬಿಟ್ಟುಕೊಟ್ಟಿರಿ ಅಂತ ವಾದ ಮಾಡ್ತಾರೆ. ಬಾಕಿ ವಸೂಲಿಗೆ 3 ವರ್ಷದ ಮಿತಿ ಇದೆ. ದುಡ್ಡಿಲ್ಲ ಅಂತ ಹೆದರಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ.

ವಿನೋಬನಗರದ ಸದಸ್ಯ (ಫಾರ್ವರ್ಡ್): 'ಹೊಸ ಬಾಡಿಗೆ ಕಾನೂನು! 2 ತಿಂಗಳು ಕೊಡದಿದ್ದರೆ ಪೊಲೀಸರೇ ಖಾಲಿ ಮಾಡಿಸ್ತಾರೆ. ಎಲ್ಲರಿಗೂ ಕಳಿಸಿ.'

ವಕೀಲರು: ಸುಳ್ಳು. 2021ರ ಮಾದರಿ ಬಾಡಿಗೆ ಕಾಯ್ದೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಅಷ್ಟೇ. ಅದರಲ್ಲೂ ಆದೇಶವಿಲ್ಲದೆ ಪೊಲೀಸರೇ ಖಾಲಿ ಮಾಡಿಸ್ತಾರೆ ಅಂತ ಇಲ್ಲ. ಇದನ್ನು ನಂಬಿ ಯಾರಾದರೂ ಸಾಮಾನು ಬೀದಿಗೆ ಹಾಕಿದರೆ ಕೇಸು ಅವರ ಮೇಲೆ. ದಯವಿಟ್ಟು ಅಳಿಸಿ.

ಕೆ.ಟಿ.ಜೆ. ನಗರದ ಸದಸ್ಯ: 12 ವರ್ಷ ಇದ್ದರೆ ಮನೆ ಅವರದೇ ಆಗುತ್ತಂತೆ?

ವಕೀಲರು: ಬಾಡಿಗೆದಾರನಾಗಿ ಇರುವವರೆಗೆ ಇಲ್ಲ.

ವಿನೋಬನಗರದ ಸದಸ್ಯ: ಕೋರ್ಟು ಅಂದರೆ ವರ್ಷಗಟ್ಟಲೆ. ಕರೆಂಟ್ ಕಟ್ ಮಾಡಿ, ವಾರದಲ್ಲಿ ಹೋಗ್ತಾರೆ.

ಪಿ.ಜೆ. ಬಡಾವಣೆಯ ಸದಸ್ಯೆ: ನಾನೂ ಬಾಡಿಗೆ ಮನೆಯಲ್ಲಿ ಇದ್ದವಳೇ. ಮಕ್ಕಳ ಪರೀಕ್ಷೆ ಟೈಮಲ್ಲಿ ನಮಗೂ ಹೀಗೇ ಮಾಡಿದರು. ಅಡ್ವಾನ್ಸ್ 50 ಸಾವಿರ ಇನ್ನೂ ಬಂದಿಲ್ಲ.

ವಿನೋಬನಗರದ ಸದಸ್ಯ: ಗೋಡೆ ತುಂಬ ಮೊಳೆ ಹೊಡೆದು ಹೋಗ್ತೀರಿ. ಪೇಂಟಿಂಗ್ ಖರ್ಚು ಯಾರು ಕೊಡ್ತಾರೆ?

ಪಿ.ಜೆ. ಬಡಾವಣೆಯ ಸದಸ್ಯೆ: ಒಂದು ಕೋಟ್ ಬಣ್ಣಕ್ಕೆ 50 ಸಾವಿರಾನಾ? ಮಾತಾಡೋಕೆ ನಾಚಿಕೆ ಆಗಬೇಕು.

ವಕೀಲರು: ಕರೆಂಟ್, ನೀರು ಮುಟ್ಟಬೇಡಿ. ತಡೆಯಾಜ್ಞೆ ಬರುತ್ತೆ, ನಿಮ್ಮ ದಾವೆಗೂ ಪೆಟ್ಟು. ಅಡ್ವಾನ್ಸ್ ಜಗಳ ಬೇರೆ ಕಡೆ ಮಾಡಿಕೊಳ್ಳಿ.

ನಿಟುವಳ್ಳಿಯ ಸದಸ್ಯೆ: ಮೇಡಂ, ಅತ್ತೆ ನೋಟಿಸಿಗೆ ಸಹಿ ಹಾಕಲ್ಲ ಅಂದರೆ?

ವಕೀಲರು: ಅವರನ್ನೂ ಪ್ರತಿವಾದಿ ಮಾಡಿ ದಾವೆ ಹಾಕಬಹುದು. ಆದರೆ ಮೊದಲು ನೀವೇ ಹೋಗಿ ಮಾತಾಡಿ. ಅವರ ಪಾಲಿನ ಬಾಡಿಗೆ ಅವರ ಬ್ಯಾಂಕ್ ಖಾತೆಗೇ ಹೋಗುತ್ತೆ ಅಂತ ಹೇಳಿ. ಅವರದೂ ಹಕ್ಕೇ ಅಲ್ವಾ.

ನಿಜಲಿಂಗಪ್ಪ ಬಡಾವಣೆಯ ಸದಸ್ಯ: ಬಾಡಿಗೆ ಕೊಡದಿದ್ದರೆ ಬೀಗ ಹಾಕಬಹುದಾ ಮೇಡಂ?

ವಕೀಲರು: ಮೇಲೆ ಓದಿ.

ಮಂಡಿಪೇಟೆಯ ಸದಸ್ಯ: ಅಂಗಡಿ ವಿಷಯ ಕೇಳಿದ್ದೆ ಮೇಡಂ.