ಆಗಸ್ಟ್ 15ಕ್ಕೆ ನಿಮ್ಮೂರಲ್ಲಿ ಏನು ಮಾಡಿದಿರಿ? ಅನುಭವ ಇದ್ದವರು ಹೇಳಿ

ಕೇಳಿದವರು: ಕುಮಟಾ ಹತ್ತಿರದ ಊರಿನ ಯುವಕ ಸಂಘದಿಂದ

ಈ ಸಲ ಊರಿನ ಸ್ವಾತಂತ್ರ್ಯ ದಿನಾಚರಣೆ ನಮ್ಮ ಸಂಘದ ಪಾಲಿಗೆ ಬಂದಿದೆ. ಹುಡುಗರಿಗೆ ಬೈಕ್ ರ್ಯಾಲಿ, ಡಿಜೆ ಬೇಕು. ಹಿರಿಯರು "ಶಾಲೆಯಲ್ಲಿ ಬಾವುಟ ಹಾರಿಸಿ ಲಾಡು ಹಂಚಿ, ಸಾಕು" ಅಂತಾರೆ. ನನಗೆ ಎರಡರಿಂದಲೂ ಸಮಾಧಾನ ಇಲ್ಲ. ಹೋದ ವರ್ಷ ಗಂಟಲು ಹರಿಯುವಂತೆ ಜೈಕಾರ ಕೂಗಿದೆವು. ನಮ್ಮ ಜಿಲ್ಲೆಯವರು ಈ ದಿನಕ್ಕಾಗಿ ಏನು ಮಾಡಿದ್ದರು ಅಂತ ಒಬ್ಬ ಪುಟ್ಟ ಹುಡುಗ ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ದೇಶಭಕ್ತಿ ಅಂದರೆ ಏನು ಅಂತ ಮಕ್ಕಳಿಗೆ ಮುಟ್ಟುವ ಹಾಗೆ ಏನು ಮಾಡಬಹುದು?

ಅಂಕೋಲಾದಿಂದ

ತಮ್ಮಾ, ಆ ಹುಡುಗನ ಪ್ರಶ್ನೆಯನ್ನೇ ಹಿಡಿದುಕೊ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ನಮ್ಮೂರಲ್ಲೇ ಉಪ್ಪಿನ ಕಾನೂನು ಮುರಿದರು. ಆಮೇಲೆ ಕರ ನಿರಾಕರಣೆ. ಅಂಕೋಲೆ, ಶಿರಸಿ, ಸಿದ್ದಾಪುರದ ರೈತರು ತೀರ್ವೆ ಕಟ್ಟುವುದಿಲ್ಲ ಅಂತ ಕೂತುಬಿಟ್ಟರು. ಗದ್ದೆ ಜಪ್ತಿ, ದನ ಜಪ್ತಿ, ಮನೆಯ ಪಾತ್ರೆ ಸಹ ಜಪ್ತಿ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರಕಾರ ಬಂದ ನಂತರವೇ ಭೂಮಿ ಮರಳುವ ದಾರಿ ಆದದ್ದು.

ಇದನ್ನೆಲ್ಲ ನಾವು ಭಾಷಣ ಮಾಡಲಿಲ್ಲ. ಹತ್ತು ವರ್ಷದ ಹಿಂದೆ ನಮ್ಮ ಓಣಿಯ ಒಬ್ಬ ಅಜ್ಜಿಯನ್ನು ಕರೆದು ಕುರ್ಚಿ ಹಾಕಿ ಕೂರಿಸಿದೆವು. ಜಪ್ತಿ ಆದಾಗ ಅವರು ಐದಾರು ವರ್ಷದ ಹುಡುಗಿ. "ಬಚ್ಚಲ ಹಂಡೆ ಹೊತ್ತುಕೊಂಡು ಹೋದ್ರು, ಆವತ್ತು ಅವ್ವೆ ಅಳಲಿಲ್ಲ. ಕಪ್ಪಿ ಎಮ್ಮೆ ಹೊಡ್ಕೊಂಡು ಹೋದಾಗ ಅತ್ಲು" ಅಂದರು. ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು "ಮತ್ತೆ ಹಾಲು?" ಅಂತ ಕೇಳಿದಳು. ಅಜ್ಜಿ ಅವಳ ಕೈ ಹಿಡಿದು ಸುಮ್ಮನೆ ಕೂತರು. ಇಡೀ ಶಾಲೆ ಸುಮ್ಮನಾಯಿತು. ಆವತ್ತು ಅಲ್ಲಿದ್ದ ಮಕ್ಕಳು ಈಗಲೂ ಸಿಕ್ಕಾಗ ಆ ಎಮ್ಮೆಯ ವಿಷಯ ತೆಗೆಯುತ್ತಾರೆ.

ಅಜ್ಜಿ ಈಗಿಲ್ಲ. ಅವರ ಮಾತನ್ನು ಫೋನಿನಲ್ಲಿ ಹಿಡಿದಿಡಲಿಲ್ಲ ಅನ್ನುವ ಬೇಸರ ನನಗಿದೆ. ನೀವು ಹಿಡಿದಿಡಿ.

ಸಿದ್ದಾಪುರದಿಂದ

ಸಾಧ್ಯವಾದರೆ ಒಂದು ದಿನ ಮಕ್ಕಳನ್ನು ಮಾವಿನಗುಂಡಿಗೆ ಕರೆತನ್ನಿ. ಜೋಗ ನೋಡಲು ಹೋಗುವ ದಾರಿಯಲ್ಲೇ ಇದೆ. ಜಪ್ತಿಯಾದ ಭೂಮಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ನಮ್ಮ ಹೆಂಗಸರು ಉಪವಾಸ ಕೂತಿದ್ದರು. ಅವರ ಸ್ಮಾರಕ ಅಲ್ಲಿದೆ. ಜೋಗಕ್ಕೆ ಹೋಗುವ ಎಷ್ಟೋ ಬಸ್ಸುಗಳು ಅಲ್ಲಿ ನಿಲ್ಲುವುದೇ ಇಲ್ಲ.

ಶಿರಸಿ ಕಡೆಯ ನಿವೃತ್ತ ಅಕ್ಕೋರು

ಬಾವುಟದ ಬಗ್ಗೆ ನಾಲ್ಕು ಮಾತು. ನಮ್ಮ ಆಗಸ್ಟ್ ಅಂದರೆ ಜಡಿಮಳೆ. ಒಂದು ವರ್ಷ ರಾತ್ರಿಯೇ ಕಟ್ಟಿಟ್ಟಿದ್ದೆವು. ಬೆಳಿಗ್ಗೆ ಹಗ್ಗ ನೆನೆದು ಗಂಟು ಬಿಗಿದುಕೊಂಡು, ಎಷ್ಟು ಎಳೆದರೂ ಬಿಚ್ಚಲಿಲ್ಲ. ಮಕ್ಕಳು ಕೊಡೆ ಮಡಚಿ ನೆನೆಯುತ್ತಾ ನಿಂತಿದ್ದರು. ಕೊನೆಗೆ ಕೆಳಗಿಳಿಸಿ ಮತ್ತೆ ಕಟ್ಟಿದೆವು. ಅಂದಿನಿಂದ ಬಾವುಟವನ್ನು ಒಣಗಿದ ಬಟ್ಟೆಯಲ್ಲಿ ಸುತ್ತಿ ತಂದು, ಹಾರಿಸುವ ಸ್ವಲ್ಪ ಮೊದಲು ಜಾರುಗಂಟು ಹಾಕುವುದು ರೂಢಿಯಾಯಿತು.

ಖಾದಿ ಬಾವುಟವನ್ನೇ ತನ್ನಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತದೆ, ದೂರವೇನಲ್ಲ. ಪ್ಲಾಸ್ಟಿಕ್ಕಿನ ಪುಟ್ಟ ಬಾವುಟ ಮಾತ್ರ ಹಂಚಲೇಬೇಡಿ. 16ನೇ ತಾರೀಕು ಬೆಳಿಗ್ಗೆ ಅವು ಗಟಾರದಲ್ಲಿ ಇರುತ್ತವೆ, ನೋಡಲು ಆಗುವುದಿಲ್ಲ. ಬಿದ್ದದ್ದನ್ನು ಆರಿಸಲು ಆವತ್ತು ನಾಲ್ಕು ಜನ ಬಂದರೆ ನನ್ನ ಮಟ್ಟಿಗೆ ಅದೂ ಧ್ವಜವಂದನೆಯೇ.

ಕಾರವಾರದಿಂದ

ಟಾಗೋರ್ ಕಡಲತೀರದಲ್ಲಿ ಯುದ್ಧನೌಕೆ ಸಂಗ್ರಹಾಲಯದ ಬಳಿ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ನಮ್ಮ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ರಜೌರಿಯ ದಾರಿಯಲ್ಲಿ ಗಾಯಗೊಂಡ ಮೇಲೂ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು, ಪರಮವೀರ ಚಕ್ರ ಪಡೆದವರು. ಮಕ್ಕಳಿಗೆ ಅಂಜುದೀವ್ ನಡುಗಡ್ಡೆಯ ಕಥೆಯನ್ನೂ ಹೇಳಿ. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂತು, ಆದರೆ ಎದುರಿನ ಆ ನಡುಗಡ್ಡೆ ಇನ್ನೂ 14 ವರ್ಷ ಪೋರ್ಚುಗೀಸರ ಕೈಯಲ್ಲೇ ಇತ್ತು. 1961ರ ಡಿಸೆಂಬರ್ 18ರಂದು ಅದನ್ನು ಬಿಡಿಸಲು ಹೋಗಿ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು.

ಇನ್ನೊಂದು ಮಾತು. ದೇಶದ ರಕ್ಷಣೆಗೆ ಜಾಗ ಬೇಕು ಅಂದಾಗ ಕಡಲಂಚಿನ ಊರು ಬಿಟ್ಟು ಬಂದ ಮನೆತನ ನಮ್ಮದು. ಪರಿಹಾರಕ್ಕಾಗಿ ಅಪ್ಪ ವರ್ಷಗಟ್ಟಲೆ ಅಲೆದರು. ಆದರೂ ಆಗಸ್ಟ್ 15ರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದರು. ನ್ಯಾಯ ಕೇಳುವುದನ್ನೂ ಬಿಡಲಿಲ್ಲ, ಬಾವುಟಕ್ಕೆ ಕೈ ಮುಗಿಯುವುದನ್ನೂ ಬಿಡಲಿಲ್ಲ. ನಿಮ್ಮ ಊರಲ್ಲೂ ಹೀಗೆ ಕೊಟ್ಟು ಬಂದವರು ಇರುತ್ತಾರೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಘದಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಡಿಜೆಗೆ ಅಂತ ಎತ್ತಿದ ದುಡ್ಡಿನಲ್ಲಿ ಖಾದಿ ಬಾವುಟ, ಮಾವಿನಗುಂಡಿಗೆ ಒಂದು ಬಸ್ಸು ಅಂತ ತೀರ್ಮಾನ ಆಯಿತು. ರ್ಯಾಲಿ ಬೇಕೇ ಬೇಕು ಅಂದಿದ್ದ ಹುಡುಗನೇ ತನ್ನ ಮುತ್ತಜ್ಜನೂ ಕರ ಕಟ್ಟದೆ ಜೈಲಿಗೆ ಹೋದವನು, ಮನೆಯ ಅಟ್ಟದ ಮೇಲೆ ಏನೋ ಕಾಗದ ಇದೆ ಅಂದ. ಇವತ್ತು ಸಂಜೆ ಅಟ್ಟ ಹತ್ತುತ್ತೇವೆ.